ಒಂದು ವರ್ಷದ ಲಾಭ ನೋಡಿ ಷೇರು ಕೊಳ್ಳಬೇಡಿ: ಹತ್ತು ವರ್ಷದ ಸರಾಸರಿಯಿಂದ ಬೆಲೆ ಅಳೆಯುವುದು ಹೀಗೆ

ಜೆಎಸ್‌ಡಬ್ಲ್ಯೂ ಸ್ಟೀಲ್ ಕಂಪನಿಯನ್ನೇ ತಗೊಳ್ಳಿ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಅದರ ದೊಡ್ಡ ಕಾರ್ಖಾನೆ ಇದೆ. 2021-22ರಲ್ಲಿ ಅದು 20 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ಲಾಭ ಮಾಡಿತು. ಆ ಮಾರ್ಚ್ ಕೊನೆಯ ಬೆಲೆಗೆ ಲೆಕ್ಕ ಹಾಕಿದರೆ ಪಿಇ, ಅಂದರೆ ಷೇರಿನ ಬೆಲೆ ಒಂದು ಷೇರಿನ ವರ್ಷದ ಲಾಭಕ್ಕೆ ಎಷ್ಟು ಪಟ್ಟು ಅನ್ನುವ ಅಂಕಿ, 10ಕ್ಕಿಂತ ಕಡಿಮೆ. ಯಾರು ನೋಡಿದರೂ ಅಗ್ಗ ಅಂತಲೇ ಅನಿಸುತ್ತದೆ. ಮರುವರ್ಷ ಲಾಭ 4 ಸಾವಿರ ಕೋಟಿಯ ಆಸುಪಾಸಿಗೆ ಇಳಿಯಿತು. ಷೇರಿನ ಬೆಲೆ ಅಷ್ಟೇನೂ ಕದಲಿರಲಿಲ್ಲ, ಆದರೆ ಪಿಇ 40ರ ಹತ್ತಿರ ಹೋಗಿ ಕೂತಿತು. ಈಗ ಅದೇ ಷೇರು ದುಬಾರಿ ಅನಿಸುತ್ತದೆ. ಕಾರ್ಖಾನೆ ಅದೇ, ಕುಲುಮೆ ಅದೇ. ಬದಲಾದದ್ದು ಉಕ್ಕಿನ ದರ, ಕಲ್ಲಿದ್ದಲಿನ ದರ, ಜೊತೆಗೆ 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಉಕ್ಕಿನ ರಫ್ತಿನ ಮೇಲೆ ಹಾಕಿದ ಶೇ 15ರ ಸುಂಕ. ಆ ಸುಂಕವನ್ನು ಅದೇ ವರ್ಷ ನವೆಂಬರ್‌ನಲ್ಲಿ ತೆಗೆದೂ ಬಿಟ್ಟರು.

ಅಂದರೆ ಪಿಇ ಅಗ್ಗ ಅಂತ ಹೇಳಿದ ಹೊತ್ತಿನಲ್ಲಿ ಲಾಭ ತುತ್ತತುದಿಯಲ್ಲಿತ್ತು, ದುಬಾರಿ ಅಂತ ಹೇಳಿದ ಹೊತ್ತಿನಲ್ಲಿ ಲಾಭ ನೆಲ ಕಚ್ಚಿತ್ತು. ಎರಡು ಸಲವೂ ಅದು ತಪ್ಪು ದಿಕ್ಕು ತೋರಿಸಿತು.

ಇದನ್ನು ಬರೆಯಲು ಕಾರಣ ಇದೆ. ಬೆಂಗಳೂರಿನಲ್ಲಿ ಈಗ ಮೆಟ್ರೊದಲ್ಲಿ ಕೂತವರ ಫೋನಿನಲ್ಲೂ ಡಿಮ್ಯಾಟ್ ಆ್ಯಪ್ ಕಾಣಿಸುತ್ತದೆ. ಸಂಬಳ ಬಂದ ವಾರವೇ ದುಡ್ಡು ಹಾಕುವವರಿದ್ದಾರೆ, ನಿವೃತ್ತಿಯ ಹಣ ಇಟ್ಟುಕೊಂಡು ಯಾವ ಷೇರು ಅಂತ ಹುಡುಕುವವರಿದ್ದಾರೆ. ಬಹಳಷ್ಟು ಜನ ನೋಡುವುದು ಆ್ಯಪ್ ತೋರಿಸುವ ಆ ಒಂದೇ ಪಿಇ ಅಂಕಿಯನ್ನು. ಆ ಅಂಕಿ ಹಿಂದಿನ ಹನ್ನೆರಡು ತಿಂಗಳದ್ದು. ಕಷ್ಟಪಟ್ಟು ಉಳಿಸಿದ ಹಣವನ್ನು ಹತ್ತು ವರ್ಷ ಬಿಡುತ್ತೇವೆ ಅಂತೀರಿ, ಆದರೆ ಕಂಪನಿಯನ್ನು ಒಂದೇ ವರ್ಷದಿಂದ ಅಳೆಯುತ್ತೀರಿ. ಇದು ಸರಿಯಲ್ಲ, ಅಲ್ವಾ?

ಇದಕ್ಕೆ ಒಂದು ಹಳೆಯ ಉಪಾಯ ಇದೆ. ಒಂದು ಭಾನುವಾರ ಬೆಳಗ್ಗೆ ಕೂತರೆ ಎಕ್ಸೆಲ್‌ನಲ್ಲಿ ನೀವೇ ಮಾಡಿಕೊಳ್ಳಬಹುದು. ಕಂಪನಿಯ ಒಂದು ಷೇರಿನ ಪಾಲಿಗೆ ಬಂದ ಹಿಂದಿನ ಹತ್ತು ವರ್ಷದ ಲಾಭ ತಗೊಳ್ಳಿ. ಒಂದೊಂದು ವರ್ಷದ ಲಾಭವನ್ನೂ ಹಣದುಬ್ಬರ ಸೇರಿಸಿ ಈಗಿನ ರೂಪಾಯಿಗೆ ತನ್ನಿ. ಸರಾಸರಿ ಹಾಕಿ. ಷೇರಿನ ಬೆಲೆಯನ್ನು ಆ ಸರಾಸರಿಯಿಂದ ಭಾಗಿಸಿ. ಬರುವ ಅಂಕಿಗೆ ಕೇಪ್ ಅನುಪಾತ ಅಂತ ಕರೆಯುತ್ತಾರೆ, ಶಿಲ್ಲರ್ ಪಿಇ ಅಂತಲೂ ಹೇಳುತ್ತಾರೆ.

ಇದರ ಬೇರು 1934ರಷ್ಟು ಹಿಂದಕ್ಕೆ ಹೋಗುತ್ತದೆ. ಅಮೆರಿಕದ ಮಹಾ ಕುಸಿತದ ನಂತರ ಹೂಡಿಕೆಯ ಮೇಷ್ಟ್ರುಗಳಾದ ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್ ಅವರು ಲಾಭವನ್ನು ಕನಿಷ್ಠ ಐದು ವರ್ಷದ, ಸಾಧ್ಯವಾದರೆ ಏಳೋ ಹತ್ತೋ ವರ್ಷದ ಸರಾಸರಿಯಲ್ಲಿ ನೋಡಬೇಕು ಎಂದು ಬರೆದರು. 1988ರಲ್ಲಿ ಅರ್ಥಶಾಸ್ತ್ರಜ್ಞರಾದ ಜಾನ್ ಕ್ಯಾಂಪ್‌ಬೆಲ್ ಮತ್ತು ರಾಬರ್ಟ್ ಶಿಲ್ಲರ್ ಅದಕ್ಕೆ ಹಣದುಬ್ಬರದ ಲೆಕ್ಕ ಸೇರಿಸಿ, ಅಮೆರಿಕದ ಇಡೀ ಮಾರುಕಟ್ಟೆಗೆ ಹಚ್ಚಿ ನೋಡಿದರು. ಶಿಲ್ಲರ್ ಅವರಿಗೆ 2013ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅಮೆರಿಕದ ಐನೂರು ದೊಡ್ಡ ಕಂಪನಿಗಳ ಎಸ್ ಅಂಡ್ ಪಿ 500 ಸೂಚ್ಯಂಕದ ಕೇಪ್ 1982ರಲ್ಲಿ 7ಕ್ಕಿಂತ ಕೆಳಗಿತ್ತು, 1999ರ ಕೊನೆಗೆ 44ರ ಹತ್ತಿರ ಹೋಯಿತು. ಮುಂದೆ ಐಟಿ ಷೇರುಗಳು ಹೇಗೆ ಕುಸಿದವು ಅಂತ ಬೆಂಗಳೂರಿನ ಐಟಿ ಜನಕ್ಕೆ ಬೇರೆ ಹೇಳಬೇಕಾಗಿಲ್ಲ. 2009ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಬ್ಯಾಂಕುಗಳು ಕುಸಿದು ಲಾಭವೇ ಕರಗಿ ಹೋದದ್ದರಿಂದ ಆ ಸೂಚ್ಯಂಕದ ಮಾಮೂಲಿ ಪಿಇ 100 ದಾಟಿತು. ಅದನ್ನು ನಂಬಿದವರು ಓಡಿಹೋಗಬೇಕಿತ್ತು. ಆದರೆ ಆ ವರ್ಷದ ಮಾರ್ಚ್‌ನಲ್ಲಿ ಕೇಪ್ 13ರ ಆಸುಪಾಸಿನಲ್ಲಿತ್ತು, ಅಂದರೆ ಅವರ ದೀರ್ಘಕಾಲದ ಸರಾಸರಿಗಿಂತ ಕೆಳಗೆ. ಕೊಳ್ಳಲು ಅದು ಒಳ್ಳೆಯ ಕಾಲವಾಗಿತ್ತು.

ನಮ್ಮಲ್ಲೂ 2021ರ ಫೆಬ್ರುವರಿಯಲ್ಲಿ ನಿಫ್ಟಿಯ, ಅಂದರೆ ಎನ್‌ಎಸ್‌ಇ ಷೇರುಪೇಟೆಯ ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕದ, ಪಿಇ 40 ದಾಟಿತ್ತು. ಕೋವಿಡ್ ವರ್ಷದ ಲಾಭ ಬಿದ್ದದ್ದು ಒಂದು ಕಾರಣ. ಇನ್ನೊಂದು, ಆಗ ಎನ್‌ಎಸ್‌ಇ ಮಾತೃ ಕಂಪನಿಯ ಲಾಭವನ್ನಷ್ಟೇ ಲೆಕ್ಕಕ್ಕೆ ತಗೊಳ್ಳುತ್ತಿತ್ತು. ಮಾರ್ಚ್ ಕೊನೆಯಿಂದ ಅಂಗಸಂಸ್ಥೆಗಳದ್ದೂ ಸೇರಿದ ಲಾಭ ತಗೊಂಡರು, ಪಿಇ ಒಂದೇ ಏಟಿಗೆ ಇಳಿಯಿತು. ಹಳೆಯ ನಿಫ್ಟಿ ಪಿಇ ಪಟ್ಟಿ ಇಟ್ಟುಕೊಂಡು ಈಗಿನದಕ್ಕೆ ಹೋಲಿಸುವವರು ಇದನ್ನು ಮರೆಯಬಾರದು.

ಅಂಕಿ ಎಲ್ಲಿಂದ ತರೋದು

ನಿಮಗೆ ಬೇಕಾದದ್ದು ಹತ್ತು ವರ್ಷದ ಇಪಿಎಸ್, ಅಂದರೆ ಒಂದು ಷೇರಿನ ಪಾಲಿಗೆ ಬಂದ ನಿವ್ವಳ ಲಾಭ. ಸ್ಕ್ರೀನರ್ ತಾಣದಲ್ಲಿ ಹತ್ತು ವರ್ಷದ ಅಂಕಿ ಒಂದೇ ಪುಟದಲ್ಲಿ ಸಿಗುತ್ತದೆ, ಎಕ್ಸೆಲ್‌ಗೂ ಇಳಿಸಿಕೊಳ್ಳಬಹುದು. ಆದರೆ ಅದನ್ನು ಹಾಗೇ ನಂಬಬೇಡಿ. ಎರಡು ಮೂರು ವರ್ಷದ ಅಂಕಿಯನ್ನಾದರೂ ಕಂಪನಿಯ ವಾರ್ಷಿಕ ವರದಿ ತೆಗೆದು ತಾಳೆ ನೋಡಿ. ವರದಿಗಳು ಮುಂಬೈ ಷೇರುಪೇಟೆಯ (ಬಿಎಸ್‌ಇ) ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಅಂಗಸಂಸ್ಥೆಗಳ ಲಾಭವೂ ಸೇರಿದ ಲೆಕ್ಕ, ಅಂದರೆ ಕನ್ಸಾಲಿಡೇಟೆಡ್ ಲೆಕ್ಕ, ಅದನ್ನೇ ತಗೊಳ್ಳಿ. ಒಂದು ವರ್ಷ ಅದು, ಒಂದು ವರ್ಷ ಇದು ಅಂತ ಬೆರೆಸಬೇಡಿ.

ಇಲ್ಲಿ ಎಲ್ಲರೂ ಎಡವುವ ಜಾಗ ಬೋನಸ್ ಮತ್ತು ವಿಭಜನೆ. ಇನ್ಫೊಸಿಸ್ 2014ರ ಡಿಸೆಂಬರ್, 2015ರ ಜೂನ್ ಮತ್ತು 2018ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟಿತು. ಒಂದು ಷೇರು ಎರಡಾಯಿತು, ನಾಲ್ಕಾಯಿತು, ಎಂಟಾಯಿತು. 2013-14ರ ವರದಿ ತೆಗೆದರೆ ಇಪಿಎಸ್ ಸುಮಾರು 186 ರೂಪಾಯಿ ಅಂತ ಇರುತ್ತದೆ. ಈಗಿನ ಷೇರಿಗೆ ಹೋಲಿಸಬೇಕಾದರೆ ಅದನ್ನು 8ರಿಂದ ಭಾಗಿಸಬೇಕು, ಆಗ 23 ರೂಪಾಯಿ ಚಿಲ್ಲರೆ. ಇದನ್ನು ಮಾಡದೆ ಸರಾಸರಿ ಹಾಕಿದರೆ ಇಡೀ ಲೆಕ್ಕ ಹಾಳು.

ಆದರೆ ಕಂಪನಿ ದುಡ್ಡು ಎತ್ತಲು ಹೊಸ ಷೇರು ಮಾರಿದ್ದರೆ ಹಳೆಯ ಇಪಿಎಸ್ ಮುಟ್ಟಬೇಡಿ. ಈ ವ್ಯತ್ಯಾಸ ತುಂಬಾ ಮುಖ್ಯ. ಬೋನಸ್‌ನಲ್ಲಿ ಕಂಪನಿಗೆ ಹೊಸ ಹಣ ಬರುವುದಿಲ್ಲ, ಸುಮ್ನೆ ತುಂಡು ಜಾಸ್ತಿ ಆಗುತ್ತದೆ ಅಷ್ಟೇ. ಹೊಸ ಷೇರು ಮಾರಿದಾಗ ಹಣ ಬರುತ್ತದೆ, ಹಳೆಯ ಷೇರುದಾರರ ಪಾಲು ಕಡಿಮೆ ಆಗುತ್ತದೆ, ಆ ಹಣದಿಂದ ಮುಂದೆ ಲಾಭವೂ ಬರುತ್ತದೆ. ಬೆಂಗಳೂರಿನಲ್ಲೇ ಮುಖ್ಯ ಕಚೇರಿ ಇರುವ ಕೆನರಾ ಬ್ಯಾಂಕಿನಲ್ಲಿ ಎರಡೂ ಬಗೆ ಸಿಗುತ್ತದೆ. ಬಂಡವಾಳಕ್ಕಾಗಿ ಹೊಸ ಷೇರು ಕೊಟ್ಟರು, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ವಿಲೀನವಾದಾಗ ಅವರ ಷೇರುದಾರರಿಗೆ ಹೊಸ ಷೇರು ಕೊಟ್ಟರು, 2024ರಲ್ಲಿ 10 ರೂಪಾಯಿ ಮುಖಬೆಲೆಯ ಷೇರನ್ನು 2 ರೂಪಾಯಿಯದ್ದಾಗಿ ವಿಭಜಿಸಿದರು. ಕೊನೆಯದಕ್ಕೆ ಮಾತ್ರ ಹಳೆಯ ಇಪಿಎಸ್ ಅನ್ನು 5ರಿಂದ ಭಾಗಿಸಬೇಕು. ಮೊದಲಿನ ಎರಡಕ್ಕೆ ಏನೂ ಮಾಡಬಾರದು. ಕೆಲವರು ಹಳೆಯ ಒಟ್ಟು ಲಾಭವನ್ನು ಈಗಿನ ಷೇರಿನ ಸಂಖ್ಯೆಯಿಂದ ಭಾಗಿಸಿ ಇಪಿಎಸ್ ಮಾಡಿಕೊಳ್ಳುತ್ತಾರೆ. ಷೇರು ಬಹಳ ಮಾರಿದ ಕಂಪನಿಯಲ್ಲಿ ಅದು ದಾರಿ ತಪ್ಪಿಸುತ್ತದೆ.

ನಷ್ಟದ ವರ್ಷವನ್ನು ಬಿಡಬೇಡಿ. ಕೆನರಾ ಬ್ಯಾಂಕ್ 2015-16ರಲ್ಲೂ 2017-18ರಲ್ಲೂ ನಷ್ಟ ತೋರಿಸಿತು, ರಿಸರ್ವ್ ಬ್ಯಾಂಕ್ ಕೆಟ್ಟ ಸಾಲಗಳನ್ನು ಬಿಚ್ಚಿ ತೋರಿಸಿ ಅಂದ ಕಾಲ ಅದು. ಆ ವರ್ಷಗಳಿಗೆ ಋಣ ಚಿಹ್ನೆ ಹಾಕಿ ಸೇರಿಸಿ. ‘ಅದು ವಿಶೇಷ ಸಂದರ್ಭ, ಬಿಟ್ಟುಬಿಡೋಣ’ ಅಂತ ಮನಸ್ಸು ಹೇಳುತ್ತದೆ. ಆದರೆ ಹತ್ತು ವರ್ಷಕ್ಕೊಂದು ವಿಶೇಷ ಸಂದರ್ಭ ಬಂದೇ ಬರುತ್ತದೆ, ಹತ್ತು ವರ್ಷದ ಸರಾಸರಿ ತಗೊಳ್ಳುವುದೇ ಅದಕ್ಕೆ.

ಒಂದೇ ಸಲ ಬಂದ ಲಾಭದ ವಿಷಯದಲ್ಲಿ ನಾನು ಬಿಗಿ. ನಗರದೊಳಗಿನ ಹಳೆಯ ಕಾರ್ಖಾನೆ ಜಾಗವನ್ನು ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಮಾರಿ ಒಂದು ವರ್ಷ ಭಾರಿ ಲಾಭ ತೋರಿಸುವುದು ಬೆಂಗಳೂರಿನಲ್ಲಿ ಹೊಸದೇನಲ್ಲ. ಆ ಜಾಗವನ್ನು ಇನ್ನೊಂದು ಸಲ ಮಾರಲು ಆಗುವುದಿಲ್ಲ. ಅದನ್ನು ತೆಗೆದುಬಿಡಿ. ಲಾಭ ನಷ್ಟದ ಪಟ್ಟಿಯಲ್ಲಿ ‘ಎಕ್ಸೆಪ್ಷನಲ್ ಐಟಂ’ ಅಂತ ಬೇರೆ ಸಾಲು ಇರುತ್ತದೆ, ತೆರಿಗೆಯ ಪಾಲನ್ನೂ ಕಳೆದು ಸರಿಪಡಿಸಿ. ಒಂದೇ ಸಲದ ನಷ್ಟಗಳನ್ನು ಮಾತ್ರ ನಾನು ಹಾಗೇ ಬಿಡುತ್ತೇನೆ. ದುಬಾರಿ ಬೆಲೆಗೆ ಇನ್ನೊಂದು ಕಂಪನಿ ಕೊಂಡು ಆಮೇಲೆ ಅದರ ಬೆಲೆಯನ್ನು ಲೆಕ್ಕದ ಪುಸ್ತಕದಲ್ಲಿ ಸೊನ್ನೆ ಮಾಡಿ ನಷ್ಟ ತೋರಿಸುವ ಆಡಳಿತ ಮಂಡಳಿ, ಅದೇ ಕೆಲಸ ಮತ್ತೆ ಮಾಡುತ್ತದೆ. ಇದರ ಬಗ್ಗೆ ದೊಡ್ಡವರಲ್ಲೇ ಜಗಳ ಇದೆ. ಅಮೆರಿಕದ ಹಣಕಾಸು ಪ್ರಾಧ್ಯಾಪಕ ಜೆರೆಮಿ ಸೀಗಲ್ ಅವರ ವಾದವೇ ಇಂಥ ಕಾಗದದ ನಷ್ಟಗಳಿಂದ ಹತ್ತು ವರ್ಷದ ಸರಾಸರಿ ಕುಗ್ಗಿ, ಕೇಪ್ ಸುಳ್ಳು ಭಯ ಹುಟ್ಟಿಸುತ್ತದೆ ಎಂಬುದು. ಇಡೀ ಮಾರುಕಟ್ಟೆಗೆ ಅವರ ಮಾತಿನಲ್ಲಿ ಹುರುಳಿದೆ. ಒಂದೊಂದೇ ಕಂಪನಿ ನೋಡುವಾಗ ನಾನು ಎಚ್ಚರಿಕೆಯ ಕಡೆಗೇ ವಾಲುತ್ತೇನೆ.

ಹಣದುಬ್ಬರ ಸೇರಿಸುವುದು

ಬೆಂಗಳೂರಿನ ಆಟೊ ಕನಿಷ್ಠ ದರ 2013ರ ಕೊನೆಗೆ 25 ರೂಪಾಯಿ ಆಯಿತು, 2021ರ ಕೊನೆಗೆ 30, 2025ರ ಆಗಸ್ಟ್‌ನಿಂದ 36. ದೂರ ಹೆಚ್ಚುಕಡಿಮೆ ಅಷ್ಟೇ, ರೂಪಾಯಿ ಮಾತ್ರ ಸಣ್ಣದಾಗಿದೆ. ಹತ್ತು ವರ್ಷದ ಹಿಂದಿನ 20 ರೂಪಾಯಿ ಲಾಭವನ್ನೂ ಈ ವರ್ಷದ 20 ರೂಪಾಯಿ ಲಾಭವನ್ನೂ ಒಂದೇ ಅಂತ ಕೂಡಿಸಿದರೆ ಕಂಪನಿಗೆ ಅನ್ಯಾಯ. ಅಮೆರಿಕದಲ್ಲಿ ಬೆಲೆ ನಿಧಾನ ಏರುವ ಕಾಲದಲ್ಲಿ ಈ ತಿದ್ದುಪಡಿ ಚಿಕ್ಕದು. ನಮ್ಮಲ್ಲಿ ದೊಡ್ಡದು, ಬಿಡಲು ಆಗುವುದೇ ಇಲ್ಲ.

ಯಾವ ಸೂಚ್ಯಂಕ? ಗ್ರಾಹಕ ಬೆಲೆ ಸೂಚ್ಯಂಕ, ಹಳ್ಳಿ ಮತ್ತು ನಗರ ಎರಡೂ ಸೇರಿದ್ದು, ಕೇಂದ್ರದ ಅಂಕಿಅಂಶ ಸಚಿವಾಲಯ ಪ್ರತಿ ತಿಂಗಳು ಬಿಡುಗಡೆ ಮಾಡುವುದು. ಸಗಟು ಬೆಲೆ ಸೂಚ್ಯಂಕ ಬೇಡ. 2015-16ರಲ್ಲಿ ಕಚ್ಚಾ ತೈಲ ಮತ್ತು ಲೋಹದ ದರ ಬಿದ್ದು ಸಗಟು ಹಣದುಬ್ಬರ ಸೊನ್ನೆಗಿಂತ ಕೆಳಗಿತ್ತು, ಆದರೆ ಆ ವರ್ಷ ನಿಮ್ಮ ಮನೆ ಖರ್ಚೇನೂ ಇಳಿಯಲಿಲ್ಲ. ಲಾಭ ಬಂದರೆ ಅದರಿಂದ ನೀವು ಕೊಳ್ಳುವುದು ಅಕ್ಕಿ, ಬೇಳೆ, ಸ್ಕೂಲ್ ಫೀಸು, ಔಷಧಿ. ಹಾಗಾಗಿ ಗ್ರಾಹಕರ ಸೂಚ್ಯಂಕವೇ ಸರಿ.

ಇನ್ನೊಂದು ಸೂಚ್ಯಂಕದ ಬಗ್ಗೆ ಎಚ್ಚರ ಹೇಳಲೇಬೇಕು. ಹಳೆಯ ಸೈಟು ಮಾರಿದಾಗ ತೆರಿಗೆಗೆ ಬಳಸುವ ವೆಚ್ಚ ಹಣದುಬ್ಬರ ಸೂಚ್ಯಂಕ, ಆಡಿಟರ್‌ಗಳು ಸಿಐಐ ಅನ್ನುತ್ತಾರಲ್ಲ, ಅದರ ಪಟ್ಟಿ ಎಲ್ಲ ಕಡೆ ಸುಲಭವಾಗಿ ಸಿಗುತ್ತದೆ. 2001-02ಕ್ಕೆ 100, 2015-16ಕ್ಕೆ 254, 2024-25ಕ್ಕೆ 363. ನೋಡಲು ಅಚ್ಚುಕಟ್ಟು, ವರ್ಷಕ್ಕೊಂದೇ ಅಂಕಿ. ಅದನ್ನೇ ಬಳಸೋಣ ಅನಿಸುತ್ತದೆ. ಬೇಡ. ಕಾನೂನಿನ ಪ್ರಕಾರ ಅದು ನಗರದ ಗ್ರಾಹಕ ಬೆಲೆ ಏರಿಕೆಯ ಶೇ 75ರಷ್ಟನ್ನು ಮಾತ್ರ ಹಿಡಿಯುತ್ತದೆ, ಅದೂ ಹಿಂದಿನ ವರ್ಷದ್ದು. ಆ ಒಂಬತ್ತು ವರ್ಷದಲ್ಲಿ ಅದು 1.43 ಪಟ್ಟು ಏರಿದೆ. ಅದೇ ಕಾಲದಲ್ಲಿ ಗ್ರಾಹಕ ಬೆಲೆ ಸೂಚ್ಯಂಕ 124.7ರಿಂದ 192.6ಕ್ಕೆ, ಅಂದರೆ 1.54 ಪಟ್ಟು ಏರಿದೆ.

ಈ 124.7, 192.6 ಎಲ್ಲ 2012ಕ್ಕೆ 100 ಅಂತ ಹಿಡಿದ ಸರಣಿಯವು, ವರ್ಷದ ಸರಾಸರಿ. ಮೂಲ ವರ್ಷ ಆಗಾಗ ಬದಲಾಗುತ್ತದೆ. ಬದಲಾದಾಗ ಹಳೆಯದನ್ನು ಹೊಸದಕ್ಕೆ ಜೋಡಿಸುವ ಗುಣಕವನ್ನು ಬಳಸಬೇಕು. ಉದಾಹರಣೆಗೆ ಕಾರ್ಮಿಕ ಬ್ಯೂರೊ ಕೊಡುವ ಕೈಗಾರಿಕಾ ಕಾರ್ಮಿಕರ ಸೂಚ್ಯಂಕ 2001ರ ಮೂಲದಿಂದ 2016ರ ಮೂಲಕ್ಕೆ ಬಂದಾಗ ಆ ಗುಣಕ 2.88 ಇತ್ತು. ಎರಡು ಸರಣಿಯ ಅಂಕಿಗಳನ್ನು ಗುಣಕ ಇಲ್ಲದೆ ಪಕ್ಕಪಕ್ಕ ಇಟ್ಟರೆ ರೂಪಾಯಿಯ ಬೆಲೆ ಒಂದೇ ರಾತ್ರಿಯಲ್ಲಿ ಮೂರು ಪಟ್ಟು ಜಾಸ್ತಿ ಆದ ಹಾಗೆ ಕಾಣುತ್ತದೆ.

ಈಗ ಲೆಕ್ಕ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಂಪನಿ ಇದೆ ಅಂತ ಇಟ್ಟುಕೊಳ್ಳೋಣ. ಇದು ಕಲ್ಪನೆಯದ್ದು, ಇಪಿಎಸ್ ಅಂಕಿಗಳು ನಾನು ಹಾಕಿದ್ದು. ಸೂಚ್ಯಂಕ ಮಾತ್ರ ನಿಜವಾದದ್ದು. ಸೂತ್ರ ಒಂದೇ: ಆ ವರ್ಷದ ಇಪಿಎಸ್ ಗುಣಿಸು 192.6, ಭಾಗಿಸು ಆ ವರ್ಷದ ಸೂಚ್ಯಂಕ.

2015-16: ಇಪಿಎಸ್ 20, ಸೂಚ್ಯಂಕ 124.7, ಈಗಿನ ಹಣದಲ್ಲಿ 30.9
2016-17: ಇಪಿಎಸ್ 22, ಸೂಚ್ಯಂಕ 130.3, ಈಗಿನ ಹಣದಲ್ಲಿ 32.5
2017-18: ಇಪಿಎಸ್ 27, ಸೂಚ್ಯಂಕ 135.0, ಈಗಿನ ಹಣದಲ್ಲಿ 38.5
2018-19: ಇಪಿಎಸ್ 30, ಸೂಚ್ಯಂಕ 139.6, ಈಗಿನ ಹಣದಲ್ಲಿ 41.4
2019-20: ಇಪಿಎಸ್ 18, ಸೂಚ್ಯಂಕ 146.3, ಈಗಿನ ಹಣದಲ್ಲಿ 23.7
2020-21: ಇಪಿಎಸ್ 8, ಸೂಚ್ಯಂಕ 155.3, ಈಗಿನ ಹಣದಲ್ಲಿ 9.9
2021-22: ಇಪಿಎಸ್ 31, ಸೂಚ್ಯಂಕ 163.8, ಈಗಿನ ಹಣದಲ್ಲಿ 36.5
2022-23: ಇಪಿಎಸ್ 44, ಸೂಚ್ಯಂಕ 174.7, ಈಗಿನ ಹಣದಲ್ಲಿ 48.5
2023-24: ಇಪಿಎಸ್ 52, ಸೂಚ್ಯಂಕ 184.1, ಈಗಿನ ಹಣದಲ್ಲಿ 54.4
2024-25: ಇಪಿಎಸ್ 48, ಸೂಚ್ಯಂಕ 192.6, ಈಗಿನ ಹಣದಲ್ಲಿ 48.0

ಕೊನೆಯ ಕಾಲಂ ಕೂಡಿಸಿ 10ರಿಂದ ಭಾಗಿಸಿದರೆ 36.4 ರೂಪಾಯಿ. ಷೇರಿನ ಬೆಲೆ 960 ರೂಪಾಯಿ ಅಂತಿಟ್ಟುಕೊಳ್ಳಿ. ಆ್ಯಪ್ ತೋರಿಸುವ ಪಿಇ 960 ಭಾಗಿಸು 48, ಅಂದರೆ 20. ನಮ್ಮ ಕೇಪ್ 960 ಭಾಗಿಸು 36.4, ಅಂದರೆ 26ಕ್ಕಿಂತ ಸ್ವಲ್ಪ ಜಾಸ್ತಿ. ಹಣದುಬ್ಬರ ಸೇರಿಸದೆ ಸುಮ್ನೆ ಸರಾಸರಿ ಹಾಕಿದ್ದರೆ 30 ರೂಪಾಯಿ ಬರುತ್ತಿತ್ತು, ಅನುಪಾತ 32. ನೋಡಿ, ಮೂರು ಅಂಕಿ ಮೂರು ಕಥೆ ಹೇಳುತ್ತವೆ. 20 ಅನ್ನುವುದು ಈಗಿನ ಒಳ್ಳೆಯ ಕಾಲ ಹೀಗೇ ಇರುತ್ತದೆ ಅಂತ ನಂಬುತ್ತದೆ. 32 ಅನ್ನುವುದು ಹಳೆಯ ಲಾಭವನ್ನು ಹಳೆಯ ರೂಪಾಯಿಯಲ್ಲೇ ಇಟ್ಟು ಕಂಪನಿಯನ್ನು ಕೆಳಗೆ ತಳ್ಳುತ್ತದೆ. ನಿಜಕ್ಕೆ ಹತ್ತಿರ ಇರುವುದು 26.

ಕೇಪ್ ಬಂತು, ಈಗ ಬೆಲೆ ಎಷ್ಟು ಸರಿ?

ಇಲ್ಲಿ ಬಹಳ ಜನ ನಿಂತುಬಿಡುತ್ತಾರೆ. ಅಮೆರಿಕದ ದೀರ್ಘಕಾಲದ ಸರಾಸರಿ 17 ಅಂತ ಎಲ್ಲೋ ಓದಿ, 26 ಅದಕ್ಕಿಂತ ಜಾಸ್ತಿ, ಹಾಗಾಗಿ ದುಬಾರಿ ಅಂದುಬಿಡುತ್ತಾರೆ. ಅದು ಅಲ್ಲಿನ ಐನೂರು ಕಂಪನಿಗಳ, ನೂರಕ್ಕೂ ಹೆಚ್ಚು ವರ್ಷಗಳ ಸರಾಸರಿ. ಪೀಣ್ಯದ ಒಂದು ಕಂಪನಿಗೆ ಅದನ್ನು ಹಚ್ಚಬಾರದು.

ಅನುಪಾತವನ್ನು ತಿರುಗಿಸಿ ನೋಡುವುದು ನನಗೆ ಹೆಚ್ಚು ಸರಿ ಅನಿಸುತ್ತದೆ. 36.4 ಭಾಗಿಸು 960 ಅಂದರೆ ಶೇ 3.8. ಈ ಬೆಲೆಗೆ ಕೊಂಡರೆ, ಹಣದುಬ್ಬರ ಕಳೆದ ಮೇಲೆ, ಕಂಪನಿಯ ಮಾಮೂಲಿ ಲಾಭ ನಿಮ್ಮ ಹಣಕ್ಕೆ ವರ್ಷಕ್ಕೆ ಶೇ 3.8. ಈಗ ಇದರ ಪಕ್ಕದಲ್ಲಿ ಸರ್ಕಾರಿ ಬಾಂಡ್ ಇಟ್ಟು ನೋಡಿ. ಬಾಂಡ್ ಶೇ 7 ಕೊಟ್ಟು ಹಣದುಬ್ಬರ ಶೇ 4.5 ಇದ್ದರೆ ಕೈಗೆ ಉಳಿಯುವುದು ಶೇ 2.5. ಷೇರಿನಲ್ಲಿ ಏರಿಳಿತ ಇದೆ, ನಷ್ಟದ ವರ್ಷ ಇದೆ, ಮುಚ್ಚಿಹೋಗುವ ಅಪಾಯವೂ ಇದೆ. ಅದಕ್ಕೆ ಬಾಂಡಿಗಿಂತ ಕನಿಷ್ಠ ಶೇ 3 ಜಾಸ್ತಿ ಬೇಕು ಅನ್ನುವುದು ನನ್ನ ಲೆಕ್ಕ. ಒಟ್ಟು ಶೇ 5.5. ಹಾಗಾದರೆ 36.4 ಭಾಗಿಸು 0.055, ಸುಮಾರು 660 ರೂಪಾಯಿ.

660 ಕಡಿಮೆ ಆಯಿತು ಅನ್ನುತ್ತೀರಾ? ನಿಮ್ಮ ಮಾತಿನಲ್ಲೂ ನ್ಯಾಯ ಇದೆ. ಬೆಳೆಯುವ ಕಂಪನಿಗೆ ಹತ್ತು ವರ್ಷದ ಸರಾಸರಿ ಯಾವಾಗಲೂ ಹಿಂದೆ ಉಳಿಯುತ್ತದೆ, ಏಕೆಂದರೆ ಆ ಸರಾಸರಿಯ ನಡುಬಿಂದು ನಾಲ್ಕೂವರೆ ವರ್ಷ ಹಿಂದೆ ಇದೆ. ಲಾಭದ ದೊಡ್ಡ ಪಾಲನ್ನು ಹಂಚದೆ ವ್ಯಾಪಾರಕ್ಕೇ ಹಾಕುವ ಕಂಪನಿಗಳಿಗೆ ಇದು ಇನ್ನೂ ಜಾಸ್ತಿ ಹೊಡೆಯುತ್ತದೆ. ಹಾಗಾಗಿ ಬೆಳವಣಿಗೆಗೆ ಸ್ವಲ್ಪ ಬೆಲೆ ಕೊಡೋಣ. ಮೊದಲ ಮೂರು ವರ್ಷದ ಸರಾಸರಿ ಈಗಿನ ಹಣದಲ್ಲಿ 34.0, ಕೊನೆಯ ಮೂರು ವರ್ಷದ್ದು 50.3. ಏಳು ವರ್ಷದಲ್ಲಿ ಅಷ್ಟು ಏರಿದ್ದು ಅಂದರೆ ವರ್ಷಕ್ಕೆ ಸುಮಾರು ಶೇ 5.8, ಅದೂ ಹಣದುಬ್ಬರ ಕಳೆದು. ಒಂದು ವರ್ಷದಿಂದ ಒಂದು ವರ್ಷಕ್ಕೆ ಅಳೆಯಬೇಡಿ, ಮೂರು ವರ್ಷದ ಗುಂಪಿನಿಂದ ಗುಂಪಿಗೆ ಅಳೆಯಿರಿ.

ಈ ಶೇ 5.8 ಅನ್ನು ಪೂರ್ತಿ ಕೊಟ್ಟು 36.4 ಅನ್ನು ನಾಲ್ಕೂವರೆ ವರ್ಷ ಮುಂದಕ್ಕೆ ತಂದರೆ 47 ರೂಪಾಯಿ ಆಗುತ್ತದೆ. ಈ ವರ್ಷದ ಇಪಿಎಸ್ 48. ಅಂದರೆ ಇಷ್ಟೆಲ್ಲ ಲೆಕ್ಕ ಮಾಡಿ ಮತ್ತೆ ಹೊರಟ ಜಾಗಕ್ಕೇ ಬಂದೆವು! ಅದಕ್ಕೇ ನಾನು ಬೆಳವಣಿಗೆಯ ಸುಮಾರು ಅರ್ಧದಷ್ಟನ್ನೇ ಕೊಡುತ್ತೇನೆ. ಶೇ 3 ಹಿಡಿದರೆ 41.6 ರೂಪಾಯಿ, ಅದನ್ನು 0.055ರಿಂದ ಭಾಗಿಸಿದರೆ ಸುಮಾರು 755. ಹಾಗಾಗಿ ನನ್ನ ಉತ್ತರ ಒಂದು ಅಂಕಿಯಲ್ಲ, 660ರಿಂದ 755ರವರೆಗಿನ ವ್ಯಾಪ್ತಿ. ಅತಿ ಉದಾರವಾಗಿ 47 ರೂಪಾಯಿ ಹಿಡಿದರೂ 855 ಆಗುತ್ತದೆ, 960 ಮುಟ್ಟುವುದಿಲ್ಲ. ಪಿಇ 20 ನೋಡಿ ಪರವಾಗಿಲ್ಲ ಅಂದುಕೊಂಡಿದ್ದ ಷೇರು ಇದು.

ನಿಮ್ಮ ಶೇ 5.5 ಬೇರೆ ಇರಬಹುದು. ಇರಲಿ. ಆದರೆ ಅದನ್ನು ಕಂಪನಿ ನೋಡುವ ಮೊದಲೇ ಬರೆದಿಡಿ. ಇಷ್ಟವಾದ ಕಂಪನಿ ಸಿಕ್ಕ ಮೇಲೆ ದರ ಆರಿಸಿದರೆ, ಬೇಕಾದ ಬೆಲೆ ಬರುವ ತನಕ ಕೈ ಅದನ್ನು ಇಳಿಸುತ್ತಲೇ ಹೋಗುತ್ತದೆ.

ತೆರಿಗೆ ಬದಲಾದದ್ದು

2019ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟ್ ತೆರಿಗೆ ಇಳಿಸಿದರು. ಸೆಸ್, ಸರ್‌ಚಾರ್ಜ್ ಎಲ್ಲ ಸೇರಿ ದೊಡ್ಡ ಕಂಪನಿಗಳಿಗೆ ಸುಮಾರು ಶೇ 35 ಇದ್ದದ್ದು, ರಿಯಾಯಿತಿಗಳನ್ನು ಬಿಟ್ಟುಕೊಡುವವರಿಗೆ ಶೇ 25.17 ಆಯಿತು. ಪೂರ್ತಿ ತೆರಿಗೆ ಕಟ್ಟುತ್ತಿದ್ದ ಕಂಪನಿಯ ಹಳೆಯ ಲಾಭವನ್ನು ಈಗಿನ ದರದಲ್ಲಿ ಲೆಕ್ಕ ಹಾಕಿದರೆ ಶೇ 15ರಷ್ಟು ಜಾಸ್ತಿ ಇರುತ್ತಿತ್ತು. ನಮ್ಮ ಉದಾಹರಣೆಯಲ್ಲಿ ಮೊದಲ ನಾಲ್ಕು ವರ್ಷಕ್ಕೆ ಹಾಗೆ ಸೇರಿಸಿದರೆ ಸರಾಸರಿ 36.4 ಇದ್ದದ್ದು 38.6 ಆಗುತ್ತದೆ. ದೊಡ್ಡ ವ್ಯತ್ಯಾಸ ಅಲ್ಲ, ಸಣ್ಣದೂ ಅಲ್ಲ. ವಾರ್ಷಿಕ ವರದಿಯಲ್ಲಿ ಕಂಪನಿ ನಿಜವಾಗಿ ಎಷ್ಟು ತೆರಿಗೆ ಕಟ್ಟಿತ್ತು ನೋಡಿ, ಪೂರ್ತಿ ಕಟ್ಟುತ್ತಿತ್ತು ಅಂತಾದರೆ ಮಾತ್ರ ಸೇರಿಸಿ. ವಿಶೇಷ ಆರ್ಥಿಕ ವಲಯದ ರಿಯಾಯಿತಿ ಪಡೆಯುತ್ತಿದ್ದ ಸಾಫ್ಟ್‌ವೇರ್ ಕಂಪನಿಗಳಿಗೆ ಇದನ್ನು ಕಣ್ಣು ಮುಚ್ಚಿ ಹಚ್ಚಬೇಡಿ.

ಯಾರಿಗೆ ಸರಿ, ಯಾರಿಗೆ ಬೇಡ

ಉಕ್ಕು, ಸಿಮೆಂಟ್, ಸಕ್ಕರೆ, ಯಂತ್ರೋಪಕರಣ, ವಾಹನದ ಬಿಡಿಭಾಗ, ಇಂಥ ಏರಿಳಿತದ ವ್ಯಾಪಾರಕ್ಕೆ ಈ ಲೆಕ್ಕ ತುಂಬಾ ಚೆನ್ನಾಗಿ ಹೊಂದುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಕಟ್ಟುವ ಕಂಪನಿಗಳಿಗಂತೂ ಬೇಕೇ ಬೇಕು. 2018ರ ಏಪ್ರಿಲ್‌ನಿಂದ ಬಂದ ಲೆಕ್ಕದ ನಿಯಮದ ನಂತರ ಅವರಲ್ಲಿ ಹಲವರು ಮನೆ ಕಟ್ಟಿ ಹಸ್ತಾಂತರಿಸಿದ ಮೇಲೆ ಆದಾಯ ತೋರಿಸುತ್ತಾರೆ. ಸರ್ಜಾಪುರ ರಸ್ತೆಯಲ್ಲಿ ನಾಲ್ಕು ವರ್ಷ ಕಟ್ಟಿದ ಸಮುಚ್ಚಯದ ಲಾಭ ಒಂದೇ ವರ್ಷದಲ್ಲಿ ದಬದಬನೆ ಬೀಳುತ್ತದೆ. ಆ ವರ್ಷದ ಪಿಇಗೆ ಅರ್ಥವೇ ಇಲ್ಲ. ಆದರೆ 2018ಕ್ಕಿಂತ ಹಿಂದಿನ ಅಂಕಿಗಳು ಬೇರೆ ನಿಯಮದವು ಎಂಬುದನ್ನು ನೆನಪಿಡಿ.

ಸರ್ಕಾರಿ ಬ್ಯಾಂಕುಗಳಲ್ಲಿ ನಷ್ಟದ ವರ್ಷಗಳು ಸರಾಸರಿಯನ್ನು ಸೊನ್ನೆಯ ಹತ್ತಿರ ಎಳೆದರೆ ಕೇಪ್ ನೂರು, ಇನ್ನೂರು ಅಂತ ತೋರಿಸುತ್ತದೆ. ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಅಲ್ಲಿ ಪುಸ್ತಕ ಮೌಲ್ಯ, ಅಂದರೆ ಆಸ್ತಿಯಲ್ಲಿ ಸಾಲ ಕಳೆದು ಉಳಿಯುವುದು, ನೋಡುವುದು ವಾಸಿ.

ಷೇರುಪೇಟೆಗೆ ಬಂದು ಎರಡು ಮೂರು ವರ್ಷ ಆದ, ಇನ್ನೂ ಲಾಭವನ್ನೇ ಕಾಣದ ಆ್ಯಪ್ ಕಂಪನಿಗಳಿಗೆ ಈ ವಿಧಾನ ನಡೆಯುವುದಿಲ್ಲ. ಹತ್ತು ವರ್ಷದ ಲಾಭ ಇಲ್ಲದ ಕಂಪನಿಗೆ ಇದರಿಂದ ಬೆಲೆ ಕಟ್ಟಲು ಆಗುವುದಿಲ್ಲ. ನಾಲ್ಕು ವರ್ಷದ್ದನ್ನೇ ಹತ್ತು ವರ್ಷ ಅಂದುಕೊಳ್ಳಬೇಡಿ. ಹಾಗೇ, ವ್ಯಾಪಾರವೇ ಬದಲಾದ ಕಂಪನಿ. ಅರ್ಧ ವ್ಯಾಪಾರ ಮಾರಿ ಹೊಸ ವ್ಯಾಪಾರಕ್ಕೆ ಇಳಿದಿದ್ದರೆ ಹಳೆಯ ಲಾಭ ಇನ್ಯಾವುದೋ ಕಂಪನಿಯದ್ದು. ಶಿಲ್ಲರ್ ಇದನ್ನು ಇಡೀ ಸೂಚ್ಯಂಕಕ್ಕೆ ಹಚ್ಚಿದ್ದಕ್ಕೂ ಕಾರಣ ಇದೆ. ಸೂಚ್ಯಂಕದಲ್ಲಿ ಒಂದು ಕಂಪನಿ ಮುಳುಗಿದರೆ ಇನ್ನೊಂದು ಬರುತ್ತದೆ. ಒಂದೇ ಕಂಪನಿಯಲ್ಲಿ ಹಾಗಲ್ಲ. ಕೇಪ್ 8 ಇರುವ ಕಂಪನಿ ಅಗ್ಗವೂ ಇರಬಹುದು, ಅದರ ವಸ್ತು ಇನ್ನು ಯಾರಿಗೂ ಬೇಡ ಅನ್ನುವ ಸ್ಥಿತಿಯೂ ಇರಬಹುದು. ಅದೇ ಕ್ಷೇತ್ರದ ಇನ್ನೂ ಮೂರು ನಾಲ್ಕು ಕಂಪನಿಗಳಿಗೆ ಇದೇ ಲೆಕ್ಕ ಮಾಡಿ ಪಕ್ಕಪಕ್ಕ ಇಡಿ. ಎಲ್ಲವೂ 8 ಇದ್ದರೆ ಕ್ಷೇತ್ರದ ಕಥೆ, ಒಂದು ಮಾತ್ರ 8 ಇದ್ದರೆ ಆ ಕಂಪನಿಯ ಸಾಲ, ಆಡಳಿತ, ಪ್ರವರ್ತಕರು ಅಡವಿಟ್ಟ ಷೇರು ಎಲ್ಲವನ್ನೂ ತೆಗೆದು ನೋಡಿ.

ಯಾವಾಗ ಬೀಳುತ್ತದೆ ಅಂತ ಇದು ಹೇಳುವುದಿಲ್ಲ. 1996ರ ಡಿಸೆಂಬರ್‌ನಲ್ಲಿ ಕ್ಯಾಂಪ್‌ಬೆಲ್ ಮತ್ತು ಶಿಲ್ಲರ್ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಮುಂದೆ ಮಾರುಕಟ್ಟೆ ಅತಿಯಾಗಿ ಏರಿದೆ ಎಂದು ಹೇಳಿದರು. ಅದು ಇನ್ನೂ ಮೂರು ವರ್ಷ ಏರುತ್ತಲೇ ಹೋಯಿತು. ಈ ಲೆಕ್ಕ ನೋಡಿ ನಾಳೆ ಬೆಳಗ್ಗೆ ಷೇರು ಮಾರಲು, ಬಿದ್ದರೆ ಲಾಭ ಅಂತ ಫ್ಯೂಚರ್ಸ್‌ನಲ್ಲಿ ಪಣ ಕಟ್ಟಲು ಹೋಗಬೇಡಿ, ದಯವಿಟ್ಟು. ಇದು ಎಷ್ಟು ಕೊಟ್ಟು ಕೊಳ್ಳಬೇಕು ಅನ್ನುವುದಕ್ಕೆ, ಮುಂದಿನ ಏಳೆಂಟು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ.

ವರ್ಷಕ್ಕೊಮ್ಮೆ ತಿದ್ದಿದರೆ ಸಾಕು. ಮಾರ್ಚ್ ತಿಂಗಳ ಬೆಲೆ ಸೂಚ್ಯಂಕ ಏಪ್ರಿಲ್ ಮಧ್ಯದ ಹೊತ್ತಿಗೆ ಬರುತ್ತದೆ, ಪಟ್ಟಿಯಾದ ಕಂಪನಿಗಳು ವರ್ಷದ ಫಲಿತಾಂಶವನ್ನು ಮೇ ಕೊನೆಯೊಳಗೆ ಕೊಡಲೇಬೇಕು. ಜೂನ್ ಮೊದಲ ವಾರ ಕೂತು ಅತಿ ಹಳೆಯ ವರ್ಷದ ಸಾಲು ಅಳಿಸಿ, ಹೊಸ ವರ್ಷದ್ದು ಸೇರಿಸಿ, ಸೂತ್ರದಲ್ಲಿ 192.6 ಇರುವ ಕಡೆ ಹೊಸ ಸೂಚ್ಯಂಕ ಹಾಕಿ. ಆಗ ಹತ್ತೂ ವರ್ಷದ ಅಂಕಿಗಳು ತಾವೇ ಹೊಸ ರೂಪಾಯಿಗೆ ಬದಲಾಗುತ್ತವೆ. ನಮ್ಮ ಪೀಣ್ಯದ ಕಂಪನಿಯಲ್ಲಿ 2020-21ರ ಆ 8 ರೂಪಾಯಿ ಸಾಲು ಅಳಿಸಿಹೋಗುವ ವರ್ಷ ಕೇಪ್ ತಟ್ಟನೆ ಇಳಿದು ಷೇರು ಅಗ್ಗವಾದಂತೆ ಕಾಣುತ್ತದೆ. ಆ ವರ್ಷ ಹತ್ತರ ಬದಲು ಹದಿನೈದು ವರ್ಷದ ಸರಾಸರಿಯನ್ನೂ ಹಾಕಿ ನೋಡಿ, ಎರಡಕ್ಕೂ ತುಂಬಾ ಅಂತರ ಇದ್ದರೆ ಜಾಸ್ತಿ ಇರುವ ಕೇಪ್ ಅನ್ನೇ ನಂಬಿ.